ಕಡ್ಡಿಪುಡಿ

ಈ ಲೇಖನವು ಹೊಗೆಸೊಪ್ಪಿನ ಉತ್ಪನ್ನವನ್ನು ಕುರಿತದ್ದು. ಇದೇ ಹೆಸರಿನ 2013ರ ಕನ್ನಡ ಚಲನಚಿತ್ರಕ್ಕಾಗಿ ಕಡ್ಡಿಪುಡಿ (ಚಲನಚಿತ್ರ) ನೋಡಿ.

ಕಡ್ಡಿಪುಡಿಯು ಹೊಗೆಸೊಪ್ಪಿನ ಗಿಡದ ಕಾಂಡ, ಎಲೆಯ ತೊಟ್ಟು ಮತ್ತು ನಡುನರಗಳನ್ನು ಒಣಗಿಸಿ, ಕುಟ್ಟಿ ಪುಡಿಮಾಡಿ ತಯಾರಿಸುವ ಜಗಿಯುವ ತಂಬಾಕು. ಇದು ಮುಖ್ಯವಾಗಿ ಕರ್ನಾಟಕದಲ್ಲಿ, ಅದರಲ್ಲೂ ಹಳೆಯ ಮೈಸೂರು ಸೀಮೆಯಲ್ಲಿ ಬಳಕೆಯಲ್ಲಿದೆ. ಇದನ್ನು ಒಣ ಪುಡಿಯಾಗಿ ಬಳಸುವುದುಂಟು. ಬೆಲ್ಲ ಮತ್ತು ನೀರು ಬೆರೆಸಿ, ಒತ್ತಿ, ಅಚ್ಚು ಅಥವಾ ಉಂಡೆಯ ರೂಪಕ್ಕೆ ತಂದು ಬಳಸುವುದೂ ಉಂಟು. ವೀಳ್ಯದೆಲೆ, ಅಡಿಕೆ ಮತ್ತು ಸುಣ್ಣದ ಜೊತೆಗೆ ಇದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಎಲೆ ಹೊಗೆಸೊಪ್ಪಿಗಿಂತ ಕಡಿಮೆ ಬೆಲೆಗೆ ಸಿಗುವುದರಿಂದ ಇದು ಕೂಲಿಕಾರರು, ಸಣ್ಣ ರೈತರು ಮತ್ತು ವಯಸ್ಸಾದ ಗ್ರಾಮೀಣ ಮಹಿಳೆಯರಲ್ಲಿ ಹೆಚ್ಚು ರೂಢಿಯಾಗಿದೆ.

ಕಾರ್ಖಾನೆಯ ಹಂಗಿಲ್ಲದೆ ಮನೆಯಲ್ಲಿಯೇ ತಯಾರಿಸಬಹುದಾದ ಕಾರಣ ಕಡ್ಡಿಪುಡಿಯು ನಿರಪಾಯಕಾರಿ ಎಂಬ ಭಾವನೆ ಬಳಕೆದಾರರಲ್ಲಿ ಕಂಡುಬರುತ್ತದೆ. ಈ ಭಾವನೆಗೆ ವೈಜ್ಞಾನಿಕ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಲ್ಲ ಬಗೆಯ ಹೊಗೆರಹಿತ ತಂಬಾಕನ್ನೂ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ಗುಂಪಿನ ವಸ್ತುವೆಂದು ವರ್ಗೀಕರಿಸಿದೆ.

## ಹೆಸರು

'ಕಡ್ಡಿ' ಮತ್ತು 'ಪುಡಿ' ಎಂಬ ಎರಡು ಕನ್ನಡ ಪದಗಳು ಸೇರಿ ಈ ಹೆಸರು ಬಂದಿದೆ. ಎಲೆಯ ಹಾಳೆಯನ್ನು ಬಿಡಿಸಿಕೊಂಡ ಮೇಲೆ ಉಳಿಯುವ ಗಟ್ಟಿ ಭಾಗಗಳಿಗೆ ಕಡ್ಡಿ ಎನ್ನುತ್ತಾರೆ. ತಂಬಾಕಿಗೆ ದಕ್ಷಿಣ ಕರ್ನಾಟಕದಲ್ಲಿ ಹೊಗೆಸೊಪ್ಪು ಎಂಬ ಹೆಸರು ರೂಢಿಯಲ್ಲಿದ್ದರೆ, ಉತ್ತರ ಕರ್ನಾಟಕದಲ್ಲಿ ತಂಬಾಕು ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಹೊಗೆಸೊಪ್ಪು ಎಂಬ ಪದವು ಗಿಡಕ್ಕೂ, ಒಣಗಿದ ಎಲೆಗೂ, ಎಲೆ-ಅಡಿಕೆಯೊಡನೆ ಜಗಿಯುವ ಎಲೆಯ ಎಳೆಗೂ ಸಲ್ಲುತ್ತದೆ. ಆದ್ದರಿಂದ ಅಂಗಡಿಯಲ್ಲಿ 'ಹೊಗೆಸೊಪ್ಪು' ಎಂದರೆ ಎಲೆ, 'ಕಡ್ಡಿಪುಡಿ' ಎಂದರೆ ಪುಡಿ ಎಂಬ ವ್ಯತ್ಯಾಸ ಸ್ಪಷ್ಟವಾಗಿದೆ.

## ಹಿನ್ನೆಲೆ

ಹೊಗೆಸೊಪ್ಪು ಭಾರತದ ಮೂಲ ಬೆಳೆಯಲ್ಲ. ಅಮೆರಿಕ ಖಂಡಗಳಿಗೆ ಸೇರಿದ ಈ ಗಿಡವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಭಾರತದಲ್ಲಿ ಧೂಮಪಾನದ ಅತ್ಯಂತ ಹಳೆಯ ವಿವರಣೆಗಳಲ್ಲಿ ಒಂದು ಇಂದಿನ ಕರ್ನಾಟಕಕ್ಕೆ ಸಂಬಂಧಿಸಿದೆ. ಮೊಗಲ್ ಚಕ್ರವರ್ತಿ ಅಕ್ಬರನ ಅಧಿಕಾರಿಯಾಗಿದ್ದ ಅಸದ್ ಬೇಗ್ 17ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಳ್ವಿಕೆಯಲ್ಲಿದ್ದ ಬಿಜಾಪುರಕ್ಕೆ ರಾಯಭಾರದ ಮೇಲೆ ಹೋಗಿದ್ದನು. ಅಲ್ಲಿ ತಾನು ಉತ್ತರ ಭಾರತದಲ್ಲಿ ಕಂಡಿರದ ತಂಬಾಕನ್ನು ನೋಡಿ, ರತ್ನಖಚಿತವಾದ ಸೇದುವ ಕೊಳವೆಯೊಂದಿಗೆ ಅದನ್ನು ಅಕ್ಬರನಿಗೆ ಕಾಣಿಕೆಯಾಗಿ ಒಯ್ದನು. ಅಕ್ಬರನು ಅದನ್ನು ಸೇದಿ ನೋಡಿದಾಗ ಅರಮನೆಯ ವೈದ್ಯರು ಪರೀಕ್ಷಿಸದ ವಸ್ತುವೆಂದು ಆಕ್ಷೇಪಿಸಿದರು. ಆದರೂ ಅಭ್ಯಾಸ ಹರಡಿತು. 1617ರಲ್ಲಿ ಜಹಾಂಗೀರನು ಹೊರಡಿಸಿದ ನಿಷೇಧವೂ ಅದನ್ನು ತಡೆಯಲಿಲ್ಲ.

ದಕ್ಷಿಣ ಭಾರತದಲ್ಲಿ ಹೊಗೆಸೊಪ್ಪು ಎರಡು ದಾರಿಗಳಲ್ಲಿ ಜನಜೀವನವನ್ನು ಪ್ರವೇಶಿಸಿತು. ಒಂದು ಹೊಗೆಯ ರೂಪ: ಚಿಲುಮೆ, ಗುಡುಗುಡಿ, ಚುಟ್ಟಾ ಮತ್ತು ಬೀಡಿ. ಇನ್ನೊಂದು ಹೊಗೆಯಿಲ್ಲದ ರೂಪ: ಎಲೆ-ಅಡಿಕೆಯೊಡನೆ ಜಗಿಯುವುದು, ನಶ್ಯವಾಗಿ ಮೂಗಿಗೆ ಏರಿಸುವುದು, ಹಲ್ಲಿಗೆ ಉಜ್ಜುವುದು. ಎಲೆ-ಅಡಿಕೆ ಹಾಕಿಕೊಳ್ಳುವ ಪದ್ಧತಿಯು ಹೊಗೆಸೊಪ್ಪು ಬರುವುದಕ್ಕೆ ಬಹಳ ಹಿಂದಿನಿಂದಲೂ ಇದ್ದುದರಿಂದ ಹೊಸ ವಸ್ತುವಿಗೆ ಪ್ರತ್ಯೇಕ ಸ್ಥಾನ ಹುಡುಕಬೇಕಾಗಲಿಲ್ಲ. ಅದು ತಾಂಬೂಲದೊಳಗೇ ಸೇರಿಕೊಂಡಿತು. ಗುಡುಗುಡಿಯು 19ನೆಯ ಶತಮಾನದ ಉತ್ತರ ಕರ್ನಾಟಕದಲ್ಲಿ ಎಷ್ಟು ಪರಿಚಿತ ವಸ್ತುವಾಗಿತ್ತೆಂದರೆ, ಶಿಶುನಾಳ ಶರೀಫರು (1819–1889) ತಮ್ಮ ತತ್ವಪದದಲ್ಲಿ ಅದನ್ನು ರೂಪಕವಾಗಿ ಬಳಸಿದ್ದಾರೆ.

ಹೊಗೆಸೊಪ್ಪು ಸರ್ಕಾರಗಳಿಗೆ ಆದಾಯದ ಮೂಲವೂ ಆಯಿತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಮಲಬಾರ್ ಮತ್ತು ಕೆನರಾ ಜಿಲ್ಲೆಗಳಲ್ಲಿ ಅದರ ಮಾರಾಟದ ಏಕಸ್ವಾಮ್ಯವನ್ನು ಹೊಂದಿತ್ತು. 1943ರಲ್ಲಿ ಬ್ರಿಟಿಷ್ ಭಾರತ ಸರ್ಕಾರವು ಹೊಗೆಸೊಪ್ಪಿನ ಮೇಲೆ ಕೇಂದ್ರ ಅಬಕಾರಿ ಸುಂಕವನ್ನು ವಿಧಿಸಿತು. ಈ ಸುಂಕವು ಸಂಸ್ಕರಿಸದ ಎಲೆಗೂ ಅನ್ವಯಿಸುತ್ತಿದ್ದುದರಿಂದ ಬೆಳೆಗಾರರೂ ಎಲೆ ಹದಗೊಳಿಸುವವರೂ ಅಬಕಾರಿ ಇಲಾಖೆಯ ಕಣ್ಗಾವಲಿಗೆ ಒಳಪಟ್ಟರು. 1979ರಲ್ಲಿ ಸಂಸ್ಕರಿಸದ ಹೊಗೆಸೊಪ್ಪಿನ ಮೇಲಿನ ಸುಂಕವನ್ನು ತೆಗೆದು, ತಯಾರಾದ ಉತ್ಪನ್ನಗಳ ಮೇಲಷ್ಟೇ ಸುಂಕ ಉಳಿಸಲಾಯಿತು.

## ಕಚ್ಚಾ ವಸ್ತು

ಭಾರತದಲ್ಲಿ ಬೆಳೆಯುವ ಹೊಗೆಸೊಪ್ಪು ಎರಡು ಪ್ರಭೇದಗಳಿಗೆ ಸೇರಿದೆ: ನಿಕೋಟಿಯಾನ ಟಬಾಕಮ್ ಮತ್ತು ನಿಕೋಟಿಯಾನ ರಸ್ಟಿಕ. ಕರ್ನಾಟಕದ ಬೆಳೆಯು ಮೊದಲನೆಯ ಪ್ರಭೇದದ್ದು. ರಾಜ್ಯದಲ್ಲಿ ಮುಖ್ಯವಾಗಿ ಮೂರು ಬಗೆಯ ಬೆಳೆ ಕಂಡುಬರುತ್ತದೆ.

* ವರ್ಜೀನಿಯಾ ಹೊಗೆಸೊಪ್ಪು: ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹಾಗೂ ಸುತ್ತಲಿನ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಇದನ್ನು ಬ್ಯಾರನ್ ಎಂದು ಕರೆಯುವ ಮುಚ್ಚಿದ ಕಟ್ಟಡಗಳಲ್ಲಿ, ಕೊಳವೆಗಳ ಮೂಲಕ ಬಿಸಿ ಹಾಯಿಸಿ ಹದಗೊಳಿಸುತ್ತಾರೆ. ಸಿಗರೇಟಿಗೆ ಬಳಕೆಯಾಗುವ ಈ ಎಲೆಯ ಬೆಳೆ ಮತ್ತು ಹರಾಜನ್ನು 1975ರ ಕಾಯಿದೆಯಂತೆ ರಚಿತವಾದ ತಂಬಾಕು ಮಂಡಳಿಯು ನಿಯಂತ್ರಿಸುತ್ತದೆ.
* ಬೀಡಿ ತಂಬಾಕು: ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸುತ್ತಮುತ್ತ ಬೆಳೆಯುತ್ತಾರೆ. ಇದನ್ನು ಬಿಸಿಲಿನಲ್ಲಿ ಒಣಗಿಸಿ, ಎಲೆಯನ್ನು ಚೂರುಮಾಡಿ ಕಡ್ಡಿಯಿಂದ ಬೇರ್ಪಡಿಸುತ್ತಾರೆ. ನ್ಯಾಯವಾದ ಬೆಲೆಗಾಗಿ ಇಲ್ಲಿನ ರೈತರು 1981ರಲ್ಲಿ ನಡೆಸಿದ ಚಳವಳಿಯಲ್ಲಿ ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು.
* ನಾಟಿ ಹೊಗೆಸೊಪ್ಪು: ಜಗಿಯಲು, ನಶ್ಯಕ್ಕೆ ಮತ್ತು ಚುಟ್ಟಾಕ್ಕೆ ಬಳಸುವ, ಬಿಸಿಲು ಅಥವಾ ನೆರಳಿನಲ್ಲಿ ಒಣಗಿಸುವ ಸ್ಥಳೀಯ ತಳಿಗಳು.

ಕಡ್ಡಿಪುಡಿಯು ಎಲೆಯ ಹಾಳೆಯಿಂದಲ್ಲ, ಹಾಳೆಯನ್ನು ಬಿಡಿಸಿದ ಮೇಲೆ ಉಳಿಯುವ ಭಾಗದಿಂದ ತಯಾರಾಗುತ್ತದೆ. ಬೆಲೆಬಾಳುವ ಎಲೆ ಮಾರುಕಟ್ಟೆಗೆ ಹೋದ ಮೇಲೆ ಹೊಲದಲ್ಲಿ ಮತ್ತು ಗೋದಾಮಿನಲ್ಲಿ ಉಳಿಯುವ ಕಾಂಡ, ತೊಟ್ಟು ಮತ್ತು ದಪ್ಪ ನರಗಳೇ ಇದರ ಮೂಲ. ಹೀಗಾಗಿ ಇದು ಉಪಉತ್ಪನ್ನ. ಇದರ ಅಗ್ಗದ ಬೆಲೆಗೂ ಇದೇ ಕಾರಣ.

## ತಯಾರಿಕೆ

ಕಡ್ಡಿಪುಡಿಯ ತಯಾರಿಕೆಗೆ ವಿಶೇಷ ಯಂತ್ರಗಳು ಬೇಕಿಲ್ಲ. ಪ್ರಮಾಣ ಮತ್ತು ರುಚಿ ಊರಿಂದ ಊರಿಗೆ, ಕೈಯಿಂದ ಕೈಗೆ ಬದಲಾಗುತ್ತವೆಯಾದರೂ ಹಂತಗಳು ಸಾಮಾನ್ಯವಾಗಿ ಒಂದೇ ಬಗೆಯವು.

### ಒಣಗಿಸುವುದು

ಹಸಿ ಕಡ್ಡಿಯು ಎಲೆಯ ಹಾಳೆಗಿಂತ ನಿಧಾನವಾಗಿ ಒಣಗುತ್ತದೆ. ಹೊರಭಾಗ ಒಣಗಿದಂತೆ ಕಂಡರೂ ದಪ್ಪ ಕಾಂಡದ ಒಳಗೆ ತೇವ ಉಳಿದಿರುತ್ತದೆ. ಮುರಿದಾಗ ಬಾಗದೆ ಚಟ್ಟನೆ ತುಂಡಾಗುವಂತಾದಾಗ ಅದು ಕುಟ್ಟಲು ತಕ್ಕ ಹದಕ್ಕೆ ಬಂದಿದೆ ಎಂದು ತಿಳಿಯುತ್ತಾರೆ. ಅರೆ ಒಣಗಿದ ಕಡ್ಡಿಯನ್ನು ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ.

### ಕುಟ್ಟುವುದು

ಒಣಗಿದ ಕಡ್ಡಿಯನ್ನು ಸಣ್ಣ ತುಂಡುಗಳಾಗಿ ಮುರಿದು ಒರಳಿನಲ್ಲಿ ಒನಕೆಯಿಂದ ಕುಟ್ಟಿ, ಜರಡಿ ಹಿಡಿದು, ಉಳಿದ ನಾರನ್ನು ಮತ್ತೆ ಕುಟ್ಟುತ್ತಾರೆ. ಮಾರಾಟಕ್ಕೆ ತಯಾರಿಸುವಲ್ಲಿ ವಿದ್ಯುತ್ ಗಿರಣಿಗಳನ್ನು ಬಳಸುತ್ತಾರೆ. ಈ ಹಂತದಲ್ಲಿ ಏಳುವ ನವಿರಾದ ಧೂಳು ಸೀನು, ಕೆಮ್ಮು, ಕಣ್ಣುರಿ ಮತ್ತು ತಲೆಸುತ್ತನ್ನು ತರುತ್ತದೆ. ನಿಕೋಟಿನ್ ಅಂಶವು ಬಾಯಿಯಿಂದ ಮಾತ್ರವಲ್ಲದೆ ಉಸಿರಿನ ಮೂಲಕವೂ ಒದ್ದೆ ಚರ್ಮದ ಮೂಲಕವೂ ದೇಹವನ್ನು ಸೇರಬಲ್ಲುದು. ಹಸಿ ಎಲೆಯನ್ನು ಒದ್ದೆ ಕೈಯಿಂದ ಮುಟ್ಟುವ ಕೃಷಿ ಕಾರ್ಮಿಕರಲ್ಲಿ ವಾಂತಿ, ತಲೆಸುತ್ತು ಮತ್ತು ನಿಶ್ಶಕ್ತಿ ಕಾಣಿಸಿಕೊಳ್ಳುವುದನ್ನು 'ಹಸಿ ತಂಬಾಕು ಕಾಯಿಲೆ' ಎಂದು ಗುರುತಿಸಲಾಗಿದೆ.

### ಬೆಲ್ಲದ ನೀರು

ಒಣ ಪುಡಿಯು ಘಾಟು ಮತ್ತು ಕಹಿ. ಅದನ್ನು ಅಚ್ಚಾಗಿ ಕಟ್ಟಲು ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಪುಡಿಗೆ ಚಿಮುಕಿಸಿ ಕಲಸುತ್ತಾರೆ. ಬೆಲ್ಲವು ಇಲ್ಲಿ ಮೂರು ಕೆಲಸ ಮಾಡುತ್ತದೆ: ಘಾಟನ್ನು ಮರೆಸುತ್ತದೆ, ಪುಡಿಯ ಕಣಗಳನ್ನು ಅಂಟಿಸುತ್ತದೆ, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಿ ನಿಲ್ಲಬೇಕು, ಆದರೆ ಬೆರಳ ಸಂದಿಯಿಂದ ನೀರು ಜಿನುಗಬಾರದು ಎಂಬುದು ಇಂಥ ಕಲಸುವಿಕೆಗೆ ತಕ್ಕ ಹದ.

### ಅಚ್ಚು ಒತ್ತುವುದು ಮತ್ತು ಮಾಗಿಸುವುದು

ಕಲಸಿದ ಪುಡಿಯನ್ನು ಉಂಡೆ ಕಟ್ಟುತ್ತಾರೆ ಅಥವಾ ಇಟ್ಟಿಗೆಯಾಕಾರದಲ್ಲಿ ಗಟ್ಟಿಯಾಗಿ ಒತ್ತುತ್ತಾರೆ. ಒತ್ತಿದ ಅಚ್ಚಿನೊಳಗೆ ಗಾಳಿ ಕಡಿಮೆಯಾಗಿ ತೇವವು ಸಮವಾಗಿ ಹರಡುತ್ತದೆ. ದಿನ ಕಳೆದಂತೆ ಬಣ್ಣ ಕಪ್ಪಾಗಿ, ಹಸಿ ವಾಸನೆ ಹೋಗಿ ರುಚಿ ಮಾಗುತ್ತದೆ. ಬೇಕಾದಾಗ ಅಂಚಿನಿಂದ ಚೂರು ಮುರಿದು ಬಳಸುತ್ತಾರೆ. ತೇವ ಹೆಚ್ಚಾದ ಅಚ್ಚು ಬೂಷ್ಟು ಹಿಡಿಯುತ್ತದೆ. ಕಡಿಮೆಯಾದದ್ದು ಪುಡಿಯಾಗಿ ಉದುರುತ್ತದೆ.

ಮಾಗುವಿಕೆಯು ಕೇವಲ ಒಣಗುವಿಕೆಯಲ್ಲ. ಕಿಣ್ವಗಳು ಮತ್ತು ಸೂಕ್ಷ್ಮಜೀವಿಗಳು ನಡೆಸುವ ರಾಸಾಯನಿಕ ಬದಲಾವಣೆ. ರುಚಿಯನ್ನು ಹದಗೊಳಿಸುವ ಈ ಹಂತದಲ್ಲಿಯೇ ಹೊಗೆಸೊಪ್ಪಿನ ಅತ್ಯಂತ ಅಪಾಯಕಾರಿ ವಸ್ತುಗಳು ಕೂಡ ರೂಪುಗೊಳ್ಳುತ್ತವೆ (ಕೆಳಗೆ 'ಆರೋಗ್ಯದ ಮೇಲಿನ ಪರಿಣಾಮ' ನೋಡಿ).

## ಪೈಪಿನ ಅಚ್ಚು ಹೊಗೆಸೊಪ್ಪಿನೊಡನೆ ಹೋಲಿಕೆ

ಸಿಹಿ ಬೆರೆಸಿ, ಒತ್ತಿ, ಮಾಗಿಸುವ ವಿಧಾನವು ಕರ್ನಾಟಕಕ್ಕೆ ಮಾತ್ರ ಸೀಮಿತವಲ್ಲ. ಯುರೋಪ್ ಮತ್ತು ಅಮೆರಿಕದಲ್ಲಿ ಪೈಪಿನಲ್ಲಿ ಸೇದುವ ಹೊಗೆಸೊಪ್ಪನ್ನು ಇದೇ ತತ್ವದ ಮೇಲೆ ತಯಾರಿಸುತ್ತಾರೆ. ನಡುನರ ತೆಗೆದ ಎಲೆಗಳನ್ನು ತೇವಗೊಳಿಸಿ, ಒಂದರ ಮೇಲೊಂದು ಹಾಸಿ, ಎರಡು ಹಲಗೆಗಳ ನಡುವೆ ತಿರುಪಿನ ಒತ್ತುಯಂತ್ರದಿಂದ ಬಿಗಿದು ವಾರಗಟ್ಟಲೆ ಇಡುತ್ತಾರೆ. ಹೀಗೆ ದೊರೆಯುವ ಗಟ್ಟಿ ಪಾಳವನ್ನು 'ಪ್ಲಗ್' ಎಂದೂ, ಅದನ್ನು ತೆಳುವಾಗಿ ಸೀಳಿದಾಗ ಬರುವ ಹಾಳೆಗಳನ್ನು 'ಫ್ಲೇಕ್' ಎಂದೂ ಕರೆಯುತ್ತಾರೆ. ಸಿಹಿ ಸೇರಿಸಿ, ಹಬೆ ಅಥವಾ ಬಿಸಿಯಲ್ಲಿ ಒತ್ತಿ ಕಪ್ಪಾಗಿಸಿದ್ದು 'ಕ್ಯಾವೆಂಡಿಶ್'. ಅಮೆರಿಕದ ಲೂಯಿಸಿಯಾನ ರಾಜ್ಯದ ಸೇಂಟ್ ಜೇಮ್ಸ್ ಪ್ರದೇಶದ 'ಪೆರೀಕ್' ಎಂಬ ಬಗೆಯನ್ನು ಮರದ ಪೀಪಾಯಿಗಳಲ್ಲಿ ಒತ್ತಿ, ಅದರದೇ ರಸದಲ್ಲಿ ತಿಂಗಳುಗಟ್ಟಲೆ ಹುದುಗಿಸುತ್ತಾರೆ. ಅಲ್ಲಿನ ಹವ್ಯಾಸಿಗಳು ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ಅಚ್ಚು ಒತ್ತಿಕೊಳ್ಳುವುದೂ ಉಂಟು.

ಎರಡರ ನಡುವೆ ಮುಖ್ಯ ವ್ಯತ್ಯಾಸಗಳು ಎರಡು. ಪೈಪಿನ ಹೊಗೆಸೊಪ್ಪಿನಲ್ಲಿ ನಡುನರವನ್ನು ತೆಗೆದುಹಾಕಿ ಎಲೆಯ ಹಾಳೆಯನ್ನು ಉಳಿಸಿಕೊಳ್ಳುತ್ತಾರೆ. ಕಡ್ಡಿಪುಡಿಯಲ್ಲಿ ಅಲ್ಲಿ ತೆಗೆದುಹಾಕುವ ಭಾಗವೇ ಮೂಲವಸ್ತು. ಪೈಪಿನ ಹೊಗೆಸೊಪ್ಪನ್ನು ಸುಡುತ್ತಾರೆ. ಕಡ್ಡಿಪುಡಿಯು ನೇರವಾಗಿ ಬಾಯಿಯ ಒಳಪದರದ ಮೇಲೆ ಕೂರುತ್ತದೆ. ಕರ್ನಾಟಕದಲ್ಲಿ ಪೈಪ್ ಸೇದುವ ಅಭ್ಯಾಸವು ಬ್ರಿಟಿಷ್ ಅಧಿಕಾರಿಗಳು ಮತ್ತು ನಗರದ ಕೆಲವು ವಿದ್ಯಾವಂತರನ್ನು ದಾಟಿ ಹರಡಲಿಲ್ಲ. ಹಳ್ಳಿಗಳಲ್ಲಿ ಅದಕ್ಕೆ ಸಮೀಪದ ಸಾಧನವೆಂದರೆ ಮಣ್ಣಿನ ಚಿಲುಮೆ.

## ಬಳಕೆಯ ಕ್ರಮ

ವೀಳ್ಯದೆಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಚೂರಿನೊಡನೆ ಜಗಿಯುತ್ತಾ, ಕೊನೆಯಲ್ಲಿ ಚಿಟಿಕೆ ಕಡ್ಡಿಪುಡಿಯನ್ನು ಬಾಯಿಗೆ ಹಾಕಿಕೊಳ್ಳುವುದು ಸಾಮಾನ್ಯ ಕ್ರಮ. ಕೆಲವರು ಅದನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿಕೊಂಡು ಬಹಳ ಹೊತ್ತು ಇಟ್ಟುಕೊಳ್ಳುತ್ತಾರೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ ಮತ್ತು ಕಡ್ಡಿಪುಡಿಯ ಪೊಟ್ಟಣವನ್ನು ಇಡುವ, ಹಲವು ಅರೆಗಳುಳ್ಳ ಬಟ್ಟೆಯ ಚೀಲಕ್ಕೆ ಸಂಚಿ ಎಂದು ಹೆಸರು. ಹಿಂದಿನ ತಲೆಮಾರಿನ ಮಹಿಳೆಯರು ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಹೊಲದ ಕೆಲಸದ ನಡುವಿನ ಬಿಡುವಿನಲ್ಲಿ ಎಲೆ-ಅಡಿಕೆ ಹಂಚಿಕೊಳ್ಳುವುದು ಸ್ನೇಹದ ಕುರುಹು. ಮದುವೆ, ನಾಮಕರಣ ಮುಂತಾದ ಶುಭಕಾರ್ಯಗಳಲ್ಲಿ ಅತಿಥಿಗಳಿಗೆ ಕೊಡುವ ತಾಂಬೂಲದಲ್ಲಿ ಹೊಗೆಸೊಪ್ಪಿಗೆ ಸ್ಥಾನವಿಲ್ಲ. ದೇವರ ಪೂಜೆಯ ವೀಳ್ಯದಲ್ಲಿಯೂ ಅದನ್ನು ಸೇರಿಸುವುದಿಲ್ಲ. ಹಸಿವನ್ನು ತಡೆಯುತ್ತದೆ, ಹಲ್ಲುನೋವನ್ನು ಶಮನಗೊಳಿಸುತ್ತದೆ ಎಂಬ ನಂಬಿಕೆಗಳು ಅಭ್ಯಾಸದ ಆರಂಭಕ್ಕೆ ಕಾರಣವಾಗುವುದುಂಟು. ನಿಕೋಟಿನ್ ಹಸಿವನ್ನು ತಾತ್ಕಾಲಿಕವಾಗಿ ಕುಗ್ಗಿಸುವುದು ನಿಜವಾದರೂ ಅದು ಆಹಾರಕ್ಕೆ ಬದಲಿಯಲ್ಲ. ಹಲ್ಲುನೋವು ಮರೆಯಾದಂತೆ ಅನ್ನಿಸಿದಾಗ ಹಲ್ಲಿನ ರೋಗವು ಮುಂದುವರಿಯುತ್ತಲೇ ಇರುತ್ತದೆ.

## ತುಮಕೂರು ಸೀಮೆಯಲ್ಲಿ

ತೆಂಗು ಮತ್ತು ಅಡಿಕೆ ತೋಟಗಳಿಂದಾಗಿ ಕಲ್ಪತರು ನಾಡು ಎಂದು ಕರೆಯಲ್ಪಡುವ ತುಮಕೂರು ಜಿಲ್ಲೆಯು ಎಲೆ-ಅಡಿಕೆಯ ಸಾಮಗ್ರಿಗಳು ನೆರೆಹೊರೆಯಲ್ಲಿಯೇ ದೊರೆಯುವ ಪ್ರದೇಶಗಳಲ್ಲಿ ಒಂದು. ಗುಬ್ಬಿ ತಾಲ್ಲೂಕಿನಲ್ಲಿ ಅಡಿಕೆ ಮತ್ತು ತೆಂಗು ಪ್ರಮುಖ ತೋಟದ ಬೆಳೆಗಳು. ಅಡಿಕೆ ಮರಗಳಿಗೆ ವೀಳ್ಯದ ಬಳ್ಳಿಯನ್ನು ಹಬ್ಬಿಸುವುದು ಈ ಭಾಗದ ತೋಟಗಾರಿಕೆಯ ಹಳೆಯ ರೂಢಿ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸ ಕಥನದಲ್ಲಿ ಗುಬ್ಬಿಯನ್ನು ವ್ಯಾಪಾರದ ಪಟ್ಟಣವೆಂದು ವಿವರಿಸಿದ್ದಾನೆ. ಈ ಕಥನವು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು.

ಅಡಿಕೆ, ಎಲೆ ಮತ್ತು ಸುಣ್ಣ ಊರಿನವೇ ಆದರೂ ಹೊಗೆಸೊಪ್ಪು ಈ ಜಿಲ್ಲೆಯ ಮುಖ್ಯ ಬೆಳೆಯಲ್ಲ. ಅದು ಹೊರಗಿನಿಂದ ಸಂತೆಗಳ ಮೂಲಕ ಬರುವ ಸರಕು. ತುಮಕೂರು, ಗುಬ್ಬಿ ಮತ್ತು ಕುಣಿಗಲ್‌ನಂತಹ ಪಟ್ಟಣಗಳ ಸಂತೆಗಳು ಹಾಗೂ ಪೆಟ್ಟಿಗೆ ಅಂಗಡಿಗಳು ಹಳ್ಳಿಗರಿಗೆ ಇಂಥ ಸರಕು ತಲುಪುವ ಸಾಮಾನ್ಯ ದಾರಿ. ಎಲೆ-ಅಡಿಕೆಗೆ ಬೇಕಾದ ಇತರ ವಸ್ತುಗಳಿಗೆ ಹೆಚ್ಚಿನ ಖರ್ಚಿಲ್ಲದ ಇಂಥ ಸೀಮೆಯಲ್ಲಿ ಅಗ್ಗದ ಕಡ್ಡಿಪುಡಿಯನ್ನು ಸೇರಿಸಿಕೊಳ್ಳುವುದು ಸುಲಭ.

ತುಮಕೂರು ನಗರವು ಹೊಗೆಸೊಪ್ಪಿನ ಇನ್ನೊಂದು ಮನೆಗೆಲಸಕ್ಕೂ ನೆಲೆಯಾಗಿದೆ. ಇಲ್ಲಿ ಮಹಿಳೆಯರು ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಾರೆ. ಕೂಲಿ ಕಟ್ಟಿದ ಬೀಡಿಗಳ ಎಣಿಕೆಯ ಮೇಲೆ ನಿಂತಿದೆ. ಬೀಡಿ ಕಾರ್ಮಿಕರಿಗಾಗಿ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ (ಉದ್ಯೋಗ ಷರತ್ತುಗಳು) ಕಾಯಿದೆ ಮತ್ತು 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯಿದೆಗಳು ಜಾರಿಗೆ ಬಂದವು. ಕಡ್ಡಿಪುಡಿಯನ್ನು ಮನೆಯಲ್ಲಿ ಕುಟ್ಟುವ ಕೆಲಸಕ್ಕೆ ಇಂತಹ ಪ್ರತ್ಯೇಕ ಕಾಯಿದೆಯಿಲ್ಲ. ಎರಡರಲ್ಲಿಯೂ ಧೂಳು ಅಡುಗೆಮನೆಯನ್ನೂ ಮಕ್ಕಳು ಮಲಗುವ ಜಾಗವನ್ನೂ ತಲುಪುತ್ತದೆ.

## ಆರೋಗ್ಯದ ಮೇಲಿನ ಪರಿಣಾಮ

### ನಿಕೋಟಿನ್ ಮತ್ತು ಸುಣ್ಣ

ಹೊಗೆಸೊಪ್ಪು ಚಟವಾಗಲು ಕಾರಣ ಅದರಲ್ಲಿರುವ ನಿಕೋಟಿನ್. 1828ರಲ್ಲಿ ಜರ್ಮನಿಯ ಪೋಸೆಲ್ಟ್ ಮತ್ತು ರೈಮನ್ ಇದನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಸುಣ್ಣವು ಬಾಯಿಯನ್ನು ಕ್ಷಾರೀಯಗೊಳಿಸಿದಾಗ ನಿಕೋಟಿನ್ ತನ್ನ ಲವಣರೂಪವನ್ನು ಕಳೆದುಕೊಂಡು ಮುಕ್ತರೂಪಕ್ಕೆ ಬರುತ್ತದೆ. ಈ ರೂಪದಲ್ಲಿ ಅದು ಕೆನ್ನೆಯ ಒಳಪದರವನ್ನು ಬೇಗನೆ ದಾಟಿ ರಕ್ತವನ್ನು ಸೇರುತ್ತದೆ. ಕಡ್ಡಿಯಲ್ಲಿ ಎಲೆಯ ಹಾಳೆಗಿಂತ ನಿಕೋಟಿನ್ ಕಡಿಮೆ ಇದ್ದರೂ, ಸುಣ್ಣದೊಡನೆ ಬಳಸುವುದರಿಂದ ಮತ್ತು ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಳ್ಳುವುದರಿಂದ ಚಟ ಹಿಡಿಸಲು ಅದು ಸಾಕಾಗುತ್ತದೆ.

### ನೈಟ್ರೊಸಮೀನ್‌ಗಳು

ಹೊಗೆರಹಿತ ತಂಬಾಕಿನಲ್ಲಿ ಕ್ಯಾನ್ಸರಿಗೆ ಮುಖ್ಯ ಕಾರಣವೆಂದು ಗುರುತಿಸಲಾದ ವಸ್ತುಗಳು ತಂಬಾಕಿಗೇ ವಿಶಿಷ್ಟವಾದ ನೈಟ್ರೊಸಮೀನ್‌ಗಳು. ಇವುಗಳಲ್ಲಿ ಎನ್‌ಎನ್‌ಎನ್ ಮತ್ತು ಎನ್‌ಎನ್‌ಕೆ ಎಂಬ ಎರಡನ್ನು ಮೊದಲನೆಯ ಗುಂಪಿನ ಕ್ಯಾನ್ಸರ್‌ಕಾರಕಗಳೆಂದು ವರ್ಗೀಕರಿಸಲಾಗಿದೆ. ಹಸಿರು ಗಿಡದಲ್ಲಿ ಇವು ತೀರಾ ಕಡಿಮೆ. ಹದಗೊಳಿಸುವಾಗ, ಹುದುಗಿಸುವಾಗ ಮತ್ತು ತೇವದಲ್ಲಿ ಕೂಡಿಡುವಾಗ ಬ್ಯಾಕ್ಟೀರಿಯಾಗಳು ಗಿಡದ ನೈಟ್ರೇಟನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ; ನೈಟ್ರೈಟು ನಿಕೋಟಿನ್ ಮತ್ತು ಅದರ ಸಂಬಂಧಿ ಕ್ಷಾರಗಳೊಡನೆ ವರ್ತಿಸಿ ನೈಟ್ರೊಸಮೀನ್‌ಗಳನ್ನು ಉಂಟುಮಾಡುತ್ತದೆ.

ಈ ಪ್ರಕ್ರಿಯೆಯು ಕಡ್ಡಿಪುಡಿಯ ವಿಷಯದಲ್ಲಿ ವಿಶೇಷವಾಗಿ ಗಮನಾರ್ಹ. ಹೊಗೆಸೊಪ್ಪಿನ ಗಿಡದಲ್ಲಿ ನೈಟ್ರೇಟ್ ಅಂಶವು ಎಲೆಯ ಹಾಳೆಗಿಂತ ಕಾಂಡ ಮತ್ತು ನಡುನರಗಳಲ್ಲಿ ಹೆಚ್ಚಾಗಿರುತ್ತದೆ. ಕಡ್ಡಿಯಲ್ಲಿ ನಿಕೋಟಿನ್ ಕಡಿಮೆ ಎಂಬುದರಿಂದ ಅದು ಸೌಮ್ಯ ಎಂದು ತೀರ್ಮಾನಿಸಲು ಆಗುವುದಿಲ್ಲ.

### ಮನೆಯ ತಯಾರಿಕೆ ಮತ್ತು ಸುರಕ್ಷತೆ

ಬಣ್ಣ, ಸುವಾಸನೆ ಮತ್ತು ಕೃತಕ ರಾಸಾಯನಿಕಗಳನ್ನು ಸೇರಿಸದ ಕಾರಣ ಮನೆಯಲ್ಲಿ ಮಾಡಿದ ಹೊಗೆಸೊಪ್ಪು ಶುದ್ಧ ಎಂಬ ವಾದ ಉಂಟು. ಆದರೆ ನಿಕೋಟಿನ್ ಗಿಡದ್ದೇ ಅಂಶ. ನೈಟ್ರೊಸಮೀನ್‌ಗಳು ಹೊರಗಿನಿಂದ ಸೇರಿಸಿದವಲ್ಲ, ಮಾಗುವಾಗ ಒಳಗೇ ಹುಟ್ಟುವಂಥವು. ಆದ್ದರಿಂದ ಏನನ್ನೂ ಸೇರಿಸದಿರುವುದು ಅಪಾಯವನ್ನು ಕಡಿಮೆ ಮಾಡುವುದಿಲ್ಲ. ಸ್ವೀಡನ್ ದೇಶದ 'ಸ್ನೂಸ್' ಎಂಬ ಹೊಗೆರಹಿತ ತಂಬಾಕಿನಲ್ಲಿ ನೈಟ್ರೊಸಮೀನ್ ಪ್ರಮಾಣ ಕಡಿಮೆಯಿರಲು, ಪುಡಿಯನ್ನು ಬಿಸಿ ಹಬೆಯಿಂದ ಸಂಸ್ಕರಿಸಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಮತ್ತು ತಣ್ಣಗೆ ಸಂಗ್ರಹಿಸುವುದು ಕಾರಣ. ಅದೂ ಚಟ ಹಿಡಿಸುವ ವಸ್ತುವೇ. ಬೆಲ್ಲದ ನೀರಿನಲ್ಲಿ ಕಲಸಿ, ಒತ್ತಿ, ಬೆಚ್ಚಗಿನ ಹವೆಯಲ್ಲಿ ಇಡುವ ಅಚ್ಚಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಪರಿಸ್ಥಿತಿಯಿದೆ. ಮನೆಯಲ್ಲಿ ತಯಾರಿಸಿದ ಪುಡಿಯ ನಿಕೋಟಿನ್ ಅಥವಾ ನೈಟ್ರೊಸಮೀನ್ ಪ್ರಮಾಣವನ್ನು ರುಚಿ, ಬಣ್ಣ ಅಥವಾ ವಾಸನೆಯಿಂದ ತಿಳಿಯುವ ಮಾರ್ಗವಿಲ್ಲ.

### ರೋಗಗಳು

ಜಗಿಯುವ ತಂಬಾಕು ಬಾಯಿ, ಅನ್ನನಾಳ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ. ಪುಡಿಯನ್ನು ಒತ್ತರಿಸಿಕೊಳ್ಳುವ ಜಾಗದಲ್ಲಿ ಮೊದಲು ಬಿಳಿ ಅಥವಾ ಕೆಂಪು ಮಚ್ಚೆಗಳು ಕಾಣಿಸಿಕೊಳ್ಳಬಹುದು. ಅಡಿಕೆಯು ಪ್ರತ್ಯೇಕವಾಗಿಯೇ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ವರ್ಗೀಕೃತವಾಗಿದೆ. ಬಾಯಿಯ ಒಳಪದರವು ಗಟ್ಟಿಯಾಗಿ ಬಾಯಿ ತೆರೆಯಲಾಗದಂತೆ ಮಾಡುವ ರೋಗಕ್ಕೆ ಅದು ಮುಖ್ಯ ಕಾರಣ. ಎಲೆ-ಅಡಿಕೆಯೊಡನೆ ಕಡ್ಡಿಪುಡಿ ಸೇರಿದಾಗ ಎರಡು ಕ್ಯಾನ್ಸರ್‌ಕಾರಕಗಳು ಒಂದೇ ಜಾಗದಲ್ಲಿ ಸೇರುತ್ತವೆ. ಒಸಡು ಸವೆಯುವುದು, ಹಲ್ಲು ಸಡಿಲವಾಗುವುದು ಮತ್ತು ರಕ್ತದೊತ್ತಡದ ಏರಿಕೆ ಇತರ ಪರಿಣಾಮಗಳು. ಗರ್ಭಿಣಿಯರು ಬಳಸಿದರೆ ಮಗುವಿನ ತೂಕ ಕಡಿಮೆಯಾಗುವ ಮತ್ತು ಮಗು ಹೊಟ್ಟೆಯಲ್ಲೇ ಸಾಯುವ ಸಂಭವ ಹೆಚ್ಚುತ್ತದೆ.

ಎರಡು–ಮೂರು ವಾರಗಳಾದರೂ ಮಾಯದ ಹುಣ್ಣು, ಬಾಯಲ್ಲಿ ಮಚ್ಚೆ ಅಥವಾ ಗಂಟು, ನುಂಗಲು ಕಷ್ಟ, ಬಾಯಿ ತೆರೆಯಲು ಬಿಗಿತ – ಇವು ವೈದ್ಯರಿಗೆ ಅಥವಾ ದಂತವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಮೊದಲ ಹಂತದಲ್ಲಿ ಪತ್ತೆಯಾದ ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ ಹೆಚ್ಚು ಫಲಕಾರಿ. ಮೊದಲ ಹಂತದ ಮಚ್ಚೆ ಮತ್ತು ಹುಣ್ಣುಗಳು ನೋವಿಲ್ಲದೆಯೂ ಇರಬಹುದಾದ್ದರಿಂದ ಅವು ಗಮನಕ್ಕೆ ಬಾರದೆ ಹೋಗುವುದುಂಟು.

## ಬಳಕೆಯ ಪ್ರಮಾಣ

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹೊಗೆರಹಿತ ತಂಬಾಕಿನ ಬಳಕೆದಾರರು ಶೇ. 16.3ರಷ್ಟಿದ್ದು, ಧೂಮಪಾನಿಗಳ ಪ್ರಮಾಣ ಶೇ. 8.8 ಆಗಿತ್ತು. 2009–10ರ ಸಮೀಕ್ಷೆಯಲ್ಲಿ ಒಟ್ಟು ಪ್ರಮಾಣ ಶೇ. 28.2 ಇತ್ತು. ರಾಜ್ಯದಲ್ಲಿ ತಂಬಾಕಿನ ಸಮಸ್ಯೆಯು ಹೊಗೆಗಿಂತ ಹೆಚ್ಚಾಗಿ ಜಗಿಯುವ ರೂಪದ್ದು ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

## ಕಾನೂನು

2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆಯು ತನ್ನ ಅನುಸೂಚಿಯಲ್ಲಿ ಜಗಿಯುವ ತಂಬಾಕು, ನಶ್ಯ, ಬೀಡಿ, ಪೈಪ್ ತಂಬಾಕು ಮತ್ತು ಹುಕ್ಕಾ ತಂಬಾಕುಗಳನ್ನು ಹೆಸರಿಸಿದೆ. ಜಾಹೀರಾತು ನಿಷೇಧ, ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗೆ ಮಾರಾಟ ನಿಷೇಧ ಮತ್ತು ಪೊಟ್ಟಣದ ಮೇಲೆ ಎಚ್ಚರಿಕೆ ಇದರ ಮುಖ್ಯ ಅಂಶಗಳು. ಚಿತ್ರಸಹಿತ ಎಚ್ಚರಿಕೆಯು 2009ರ ಮೇ 31ರಂದು ಜಾರಿಗೆ ಬಂತು. 2016ರ ಏಪ್ರಿಲ್ 1ರಿಂದ ಅದು ಪೊಟ್ಟಣದ ಮುಖ್ಯ ಬದಿಗಳ ಶೇ. 85ರಷ್ಟನ್ನು ಆವರಿಸಬೇಕಾಗಿದೆ. ಕರ್ನಾಟಕವು 2024ರ ತಿದ್ದುಪಡಿಯ ಮೂಲಕ ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು.

ಎಚ್ಚರಿಕೆಯ ನಿಯಮವು ಪೊಟ್ಟಣವನ್ನು ಆಧರಿಸಿದೆ. ಕಾಗದದಲ್ಲಿ ಕಟ್ಟಿ ಬಿಡಿಯಾಗಿ ಮಾರುವ ಅಥವಾ ಮನೆಯಲ್ಲಿ ತಯಾರಿಸಿ ಹಂಚಿಕೊಳ್ಳುವ ಕಡ್ಡಿಪುಡಿಯೊಡನೆ ಯಾವ ಚಿತ್ರವೂ ಬರಹವೂ ಬಳಕೆದಾರರನ್ನು ತಲುಪುವುದಿಲ್ಲ. ಆಹಾರ ಸುರಕ್ಷತೆಯ 2011ರ ನಿಯಮಗಳು ಯಾವುದೇ ಆಹಾರ ಪದಾರ್ಥದಲ್ಲಿ ತಂಬಾಕು ಮತ್ತು ನಿಕೋಟಿನ್ ಬಳಸುವುದನ್ನು ನಿಷೇಧಿಸಿವೆ. ಇದರ ಆಧಾರದ ಮೇಲೆ ಕರ್ನಾಟಕ ಸರ್ಕಾರವು 2013ರ ಮೇ ತಿಂಗಳಲ್ಲಿ ಗುಟ್ಕಾ ಮತ್ತು ತಂಬಾಕು ಬೆರೆತ ಪಾನ್ ಮಸಾಲೆಯನ್ನು ನಿಷೇಧಿಸಿತು.

## ತ್ಯಜಿಸಲು ನೆರವು

ಕಡ್ಡಿಪುಡಿಯನ್ನು ಬಿಟ್ಟವರಲ್ಲಿ ಮೊದಲ ಕೆಲವು ದಿನಗಳು ಸಿಡುಕು, ನಿದ್ರೆ ಬಾರದಿರುವುದು, ತಲೆನೋವು ಮತ್ತು ಬಾಯಿ ಚಡಪಡಿಸುವುದು ಸಾಮಾನ್ಯ. ಇವು ಕ್ರಮೇಣ ಕಡಿಮೆಯಾಗುತ್ತವೆ. ಎಲೆ-ಅಡಿಕೆಯನ್ನು ಮುಂದುವರಿಸುತ್ತಾ ಕಡ್ಡಿಪುಡಿಯನ್ನಷ್ಟೇ ಬಿಡುವುದು ಪೂರ್ಣ ಪರಿಹಾರವಲ್ಲ, ಏಕೆಂದರೆ ಅಡಿಕೆಯ ಅಪಾಯ ಉಳಿಯುತ್ತದೆ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಉಚಿತವಾಗಿದ್ದು, ಇದರ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಆಪ್ತಸಮಾಲೋಚನೆಯ ಸೌಲಭ್ಯವನ್ನು ಒದಗಿಸಲಾಗುತ್ತದೆ.

## ಇತರ ಉಪಯೋಗ

ನಿಕೋಟಿನ್ ಕೀಟಗಳ ನರಮಂಡಲಕ್ಕೆ ವಿಷ. ಹೊಗೆಸೊಪ್ಪನ್ನು ನೀರಿನಲ್ಲಿ ಕುದಿಸಿ ಬಸಿದ ಕಷಾಯವನ್ನು ರೈತರು ಸಸ್ಯಹೇನು ಮುಂತಾದ ಮೃದು ದೇಹದ ಕೀಟಗಳ ಮೇಲೆ ಸಿಂಪಡಿಸುತ್ತಾರೆ. ಶೂನ್ಯ ಬಂಡವಾಳ ಕೃಷಿಯಲ್ಲಿ ಬಳಸುವ ಅಗ್ನಿಅಸ್ತ್ರದಲ್ಲಿ ಗೋಮೂತ್ರ, ಬೇವು, ಹಸಿಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯ ಜೊತೆಗೆ ಹೊಗೆಸೊಪ್ಪೂ ಸೇರುತ್ತದೆ. ಈ ಕಷಾಯವು ಮನುಷ್ಯರಿಗೂ ಜಾನುವಾರುಗಳಿಗೂ ವಿಷಕಾರಿಯಾದ್ದರಿಂದ ಚರ್ಮಕ್ಕೆ ತಾಗದಂತೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕಾಗುತ್ತದೆ.

## ಇದನ್ನೂ ನೋಡಿ

* ಹೊಗೆಸೊಪ್ಪು
* ತಾಂಬೂಲ
* ನಶ್ಯ
* ಬೀಡಿ
* ಅಡಿಕೆ
* ಬಾಯಿ ಕ್ಯಾನ್ಸರ್
* ವಿಶ್ವ ತಂಬಾಕುರಹಿತ ದಿನ